ಬರ್ಫದ ಥರ್ಮಸ್ಸು, ಬೀಗತಿಯ ಚಹಾ

ನನ್ನ ಗಂಡ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಬಿಸಾಕಿದರೆ ನನಗೆ ಒಂದು ಗಳಿಗೆಯೂ ತಡೆಯುವುದಿಲ್ಲ. ಅಂಥ ನನ್ನ ಮೈ, ಅರ್ಧ ಅವನದೇ ಆದ ಕೂಸನ್ನು ಒಂಬತ್ತು ತಿಂಗಳು ಒಳಗಿಟ್ಟುಕೊಂಡು ಚಕಾರ ಎತ್ತಲಿಲ್ಲ. ಹೊರಗಿನದು ಏನು ನುಸುಳಿದರೂ ಜಗಳಕ್ಕೆ ನಿಲ್ಲುವ ರಕ್ತ ಈ ಅರೆ ಪರಕೀಯಳನ್ನು ಹೇಗೆ ಸಹಿಸಿತೋ! ಸಂಸಾರ ಮಾಡುವುದು ನನಗಿಂತ ನನ್ನ ಮೈಗೇ ಚೆನ್ನಾಗಿ ಗೊತ್ತು.

ಹೆರಿಗೆ ತವರಿನಲ್ಲಿ, ಬಸವಕಲ್ಯಾಣದಲ್ಲಿ ಆಯಿತು. ಹೆಣ್ಣು ಕೂಸು. ನನ್ನ ರಕ್ತ ನೆಗೆಟಿವ್, ಕೂಸಿನದು ಅಪ್ಪನ ಹಾಗೆ ಪಾಸಿಟಿವ್.

"ಹೆರಿಗ್ಯಾಗ ಕೂಸಿನ ರಕ್ತ ನಾಕು ಹನಿ ನಿನ್ನ ರಕ್ತದಾಗ ಕೂಡ್ತದ," ಅಂದರು ನಮ್ಮ ಓಣಿಯ ಡಾಕ್ಟರಮ್ಮ. "ನಿನ್ನ ಮೈ ಅದನ್ನ ವೈರಿ ಅಂತ ಗುರ್ತು ಹಿಡೀತಂದ್ರ ಪ್ರತಿಕಾಯ ಮಾಡ್ತದ, ಮತ್ತ ಮರಿಯಂಗಿಲ್ಲ. ಈ ಕೂಸಿಗಿ ಏನೂ ಆಗಲ್ಲ. ಮುಂದಿನ ಕೂಸೂ ಪಾಸಿಟಿವ್ ಇದ್ದರ ಅದರ ರಕ್ತ ಒಡೀತದ."

ಅದಕ್ಕೊಂದು ಸೂಜಿ ಇದೆ. ದಾನಿಗಳ ರಕ್ತದಿಂದ ತೆಗೆದ ಸಿದ್ಧ ಪ್ರತಿಕಾಯ ಅದು. ಮೈ ಎಚ್ಚರಾಗುವ ಮೊದಲೇ ಆ ಹನಿಗಳನ್ನು ಗುಡಿಸಿ ಹಾಕುತ್ತದೆ. ಮೂರು ದಿನದೊಳಗೆ ಬೀಳಬೇಕು. ಊರಿನ ಅಂಗಡಿಗಳಲ್ಲಿ ಅದು ಮುಗಿದಿತ್ತು. ಗಂಡ ಎಲ್ಲ ಕಡೆ ಅಲೆದು ಬರಿಗೈಲಿ ಬಂದ. ಇನ್ನೂ ಹೊಟ್ಟೆಗೇ ಬಾರದ ಕೂಸಿಗಾಗಿ ನಾನು ಅಳತೊಡಗಿದೆ, ಬಾಣಂತಿ ಅಳಬಾರದು ಅಂತ ಅವ್ವ ಬೈದಳು.

ಮೂರನೇ ದಿನ ಗಂಡನ ಊರು ಹುಮನಾಬಾದಿನಲ್ಲಿ ಸಿಕ್ಕಿತು. ತರುವವರು ನನ್ನ ಅತ್ತೆ, ತೊಡಕು ಇದ್ದದ್ದೇ ಅಲ್ಲಿ. ಮದುವೆಯ ದಿನ ನಮ್ಮ ಕಡೆಯವರು ಅವರಿಗೆ ತಣ್ಣಗಾದ ಚಹಾ ಕೊಟ್ಟಿದ್ದರು. ಕೊಟ್ಟದ್ದು ಒಂದೇ ಕಪ್ಪು. "ಇವರ ಹೊಸ್ತಿಲಾ ತುಳಿಯಂಗಿಲ್ಲ, ಇವರ ಮನಿ ನೀರೂ ಮುಟ್ಟಂಗಿಲ್ಲ," ಅಂತ ಅಂದೇ ಹೇಳಿಬಿಟ್ಟಿದ್ದರು. ಮೈ ಹೇಗೆ ನೆನಪಿಟ್ಟುಕೊಳ್ಳುತ್ತದೆ ಅನ್ನುವುದನ್ನು ಡಾಕ್ಟರಮ್ಮ ನನಗೆ ಅಷ್ಟು ಬಿಡಿಸಿ ಹೇಳಬೇಕಾಗಿರಲಿಲ್ಲ.

ಅತ್ತೆ ಬಸ್ಸಿಳಿದು ಬಂದು ಮನೆ ಮುಂದಿನ ಕಟ್ಟೆಯ ಮೇಲೆ ಕೂತರು. ಪಕ್ಕದಲ್ಲಿ ಥರ್ಮಸ್ ಇಟ್ಟುಕೊಂಡರು. ಗಂಡ ಡಾಕ್ಟರಮ್ಮನನ್ನು ಕರೆಯಲು ಓಡಿದ. ಸೂಜಿಯ ಔಷಧ ತಂಪಿನಲ್ಲಿ ಇರಬೇಕು ಅಂತ ಯಾರೂ ಅವ್ವನಿಗೆ ಹೇಳಿರಲಿಲ್ಲ. ಅವಳು ಹೊರಗೆ ಬಂದು ಥರ್ಮಸ್ ನೋಡಿದ್ದೇ ಮುಖ ಕೆಂಪಾಯಿತು.

"ನಮ್ಮ ಮನಿಗಿ ಬರಾಗ ಚಹಾ ಕಟ್ಕೊಂಡು ಬಂದೀರೇನ್ರಿ ಬೀಗರ? ಇಷ್ಟು ಅಪಮಾನ ಮಾಡಬ್ಯಾಡ್ರಿ! ಇದನ್ನ ಚೆಲ್ಲಿ ನಮ್ಮ ಚಹಾ ತುಂಬತೀನಿ."

ಉತ್ತರಕ್ಕೂ ಕಾಯದೆ ಥರ್ಮಸ್ ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಅಲ್ಲಿ ಒಲೆಯ ಮೇಲೆ ಚಹಾ ಕೊತಕೊತ ಕುದಿಯುತ್ತಿತ್ತು.

"ಅಯ್ಯ, ನಿಲ್ರಿ! ಅದರಾಗ ಚಹಾ ಇಲ್ರಿ, ನನ್ನ ಮುಂದಿನ ಮೊಮ್ಮಗ ಇದ್ದಾನ!"

ಅತ್ತೆ ಚಪ್ಪಲಿಯ ಸಮೇತ ಹೊಸ್ತಿಲು ದಾಟಿ ಅಡುಗೆಮನೆಗೇ ನುಗ್ಗಿದರು. ಹಾಸಿಗೆಯಿಂದ ನನಗೆ ಎಲ್ಲ ಕಾಣುತ್ತಿತ್ತು. ಅವ್ವ ಆಗಲೇ ಮುಚ್ಚಳ ತೆಗೆದಿದ್ದಳು. ಒಳಗೆ ಕೊರೆಯುವ ಬರ್ಫದ ಗಡ್ಡೆಗಳು, ಅವುಗಳ ನಡುವೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಪುಟ್ಟ ಡಬ್ಬಿ. ಇಬ್ಬರೂ ಥರ್ಮಸ್ಸನ್ನು ನಾಲ್ಕು ಕೈಯಲ್ಲಿ ಹಿಡಿದುಕೊಂಡು ಡಾಕ್ಟರಮ್ಮ ಬರುವವರೆಗೆ ಹಾಗೇ ನಿಂತಿದ್ದರು.

ಸೂಜಿ ಬಿತ್ತು. ಅವ್ವ ಹೊಗೆಯಾಡುವ ಚಹಾ ತಂದಿಟ್ಟಳು. ಅತ್ತೆ ಬಹಳ ಹೊತ್ತು ನೋಡಿ, ಊದಿ ಊದಿ ಕುಡಿದರು. "ಸಕ್ರಿ ಜಾಸ್ತಿ ಆಗ್ಯಾದ," ಅಂದರು. ಆದರೂ ಕಪ್ಪಿನಲ್ಲಿ ಹನಿ ಉಳಿಸಲಿಲ್ಲ. ಸಹಿಸುವುದು ಅಂದರೆ ಅಷ್ಟೇ ಇರಬೇಕು, ಪ್ರೀತಿ ಬೇರೆ ಮಾತು.

ಈಗ ನಾನು ಮತ್ತೆ ಬಸುರಿ. ಹೋದ ವಾರ ಹುಮನಾಬಾದಿನಲ್ಲಿ ರಕ್ತ ತೋರಿಸಿದೆವು. ಅತ್ತೆಯ ಜೊತೆ ಅವ್ವನೂ ಬಂದಿದ್ದಳು. ರಕ್ತದಲ್ಲಿ ಆ ಪ್ರತಿಕಾಯ ಇಲ್ಲ ಅಂದಾಗ ನಾನು ಅಲ್ಲೇ ಅತ್ತುಬಿಟ್ಟೆ, ಈ ಸಲ ಯಾರೂ ಬೈಯಲಿಲ್ಲ. ಹಂಗಂದರೇನು ಅಂತ ಅತ್ತೆ ಕೇಳಿದರು.

"ಆ ಸೂಜಿ ವ್ಯಾಳ್ಯಾಕ್ಕ ಬಿತ್ತಲ್ರಿ ಅತ್ತಿ, ನನ್ನ ಮೈ ಜಗಳಾ ಕಲೀಲೇ ಇಲ್ಲ."

ಅತ್ತೆ ಅವ್ವನ ಕಡೆ ತಿರುಗಿದರು. "ಮದುವಿ ದಿನ ನನಗೂ ಅಂಥಾದೊಂದು ಸೂಜಿ ಹಾಕಿಸಬೇಕಿತ್ತು ನೋಡ್ರಿ ಬೀಗರ."

ಅವ್ವ ಸೆರಗು ಸರಿಮಾಡಿಕೊಂಡಳು. ಇಷ್ಟು ವರ್ಷದಲ್ಲಿ ಅವಳ ಬಾಯಿಂದ ಬಾರದ ಮಾತು ಆಗ ಬಂತು.

"ಸೂಜಿ ಯಾಕ್ರಿ? ಅವತ್ತ ನಾವು ಚಹಾ ಬಿಸಿ ಮಾಡಿ ಕೊಟ್ಟಿದ್ದರ ಸಾಕಿತ್ತು."