ಬ್ಯಾಂಕಾಕಿನ ತಲೆಗೆ ಮೈಸೂರು ಪೇಟ

೧೯೯೯ರ ಶರತ್ಕಾಲ. ನಾನಾಗ ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜ್ ಕಡೆಯ ಒಂದು ಟೆಲಿಕಾಂ ಕಂಪನಿಯಲ್ಲಿ ಆಕ್ಸೆಪ್ಟೆನ್ಸ್ ಮ್ಯಾನೇಜರ್ ಆಗಿದ್ದೆ. ಹುದ್ದೆಯ ಹೆಸರು ಕೇಳಿ ಯಾರೂ ಬೆರಗಾಗಬೇಕಿಲ್ಲ. ನಮ್ಮ ಟೆಲಿಫೋನ್ ಎಕ್ಸ್‌ಚೇಂಜನ್ನು ಕೊಳ್ಳುವವರು ತಾವೇ ಬಂದು ಪರೀಕ್ಷಿಸಿ, ತೃಪ್ತರಾಗಿ ಒಪ್ಪಿಕೊಳ್ಳುವವರೆಗೆ ಅವರಿಗೆ ಕಾಫಿ, ಕುರ್ಚಿ ಮತ್ತು ಸಮಾಧಾನವನ್ನು ಒದಗಿಸುವ ಕೆಲಸ. ಮದುವೆಮನೆಯಲ್ಲಿ ಬೀಗರನ್ನು ನೋಡಿಕೊಳ್ಳಲು ಒಬ್ಬ ಸೋದರಮಾವನನ್ನು ಬಿಟ್ಟಿರುತ್ತಾರಲ್ಲ, ಅದೇ. ಸಂಬಳ ಮಾತ್ರ ಡಾಲರಿನಲ್ಲಿ.

ಆ ಸಲದ ಬೀಗರು ಬ್ಯಾಂಕಾಕಿನವರು. ತಂಡದ ಮುಖ್ಯಸ್ಥರು ಖುನ್ ಪ್ರಸೋಂಗ್. 'ಖುನ್' ಎಂಬುದು ಅವರಲ್ಲಿ ಗಂಡಸರಿಗೂ ಹೆಂಗಸರಿಗೂ ಸಲ್ಲುವ ಮರ್ಯಾದೆಯ ಮಾತು. ಅರವತ್ತರ ಸಮೀಪದ ಗಂಭೀರ ವ್ಯಕ್ತಿ. ಹಳೆಯ ಮನೆತನ, ಇಂಗ್ಲೆಂಡಿನಲ್ಲಿ ಓದು. ಅವರ ಅಡ್ಡಹೆಸರು ಕಿವಿಗೆ ಬಿದ್ದರೆ ಸಾಕು, ತಂಡದ ಉಳಿದವರ ಬೆನ್ನು ತಾನಾಗಿಯೇ ಬಾಗುತ್ತಿತ್ತು. ತಂಡದಲ್ಲಿ ಎಲ್ಲರಿಗಿಂತ ಕಿರಿಯಳು ವನಿದಾ. ಮನೆಯವರು ಇಟ್ಟ ಪುಟ್ಟ ಹೆಸರು ನೋಕ್, ಅಂದರೆ ಹಕ್ಕಿ. ಈಶಾನ್ಯ ಥಾಯ್ಲೆಂಡಿನ ಒಂದು ಊರಿನ ಬಸ್‌ಸ್ಟ್ಯಾಂಡಿನಲ್ಲಿ ಅವಳ ತಾಯಿ ನೂಡಲ್ಸ್ ಅಂಗಡಿ ಇಟ್ಟಿದ್ದರು. ಕಾಲೇಜಿನಲ್ಲಿ ಪ್ರಸೋಂಗ್ ಅವಳಿಗೆ ಪಾಠ ಹೇಳಿದ್ದರಂತೆ. ಹಾಗಾಗಿ ಅವಳು ಅವರನ್ನು 'ಆಜಾನ್' ಎಂದು ಕರೆಯುತ್ತಿದ್ದಳು. ನಮ್ಮ 'ಆಚಾರ್ಯ'ರೇ ಸಮುದ್ರ ದಾಟುವಾಗ ಸ್ವಲ್ಪ ಸವೆದು ಹಾಗಾಗಿದ್ದಾರೆಂದು ತಿಳಿದು ನನಗೆ ಪರಮ ಸಂತೋಷವಾಯಿತು.

ಪರೀಕ್ಷೆ ಮುಗಿದ ಮೇಲೆ ಅವರಲ್ಲಿ ಒಬ್ಬರು ಒಂದು ವರ್ಷ ನ್ಯೂಜೆರ್ಸಿಯಲ್ಲೇ ರೆಸಿಡೆಂಟ್ ಎಂಜಿನಿಯರ್ ಆಗಿ ಉಳಿಯಬೇಕಿತ್ತು. ಪ್ರಸೋಂಗ್ ಆ ಜಾಗಕ್ಕೆ ನೋಕಳನ್ನೇ ಆರಿಸಿದ್ದರು. ಅವಳು ಆಗಲೇ ಮಾಲ್‌ಗೆ ಹೋಗಿ, ಮೊಣಕಾಲಿನವರೆಗೆ ಬರುವ ದಪ್ಪನೆಯ ನೀಲಿ ಕೋಟೊಂದನ್ನು ಕೊಂಡು ತಂದಿದ್ದಳು. ಚಳಿಗೆ ಇನ್ನೂ ತಿಂಗಳಿತ್ತು. ಅವಳು ಅದನ್ನು ತೊಟ್ಟುಕೊಂಡೇ ಲ್ಯಾಬಿಗೆ ಬರುತ್ತಿದ್ದಳು.

ನಮ್ಮ ಡೈರೆಕ್ಟರ್ ಬ್ರಾಡ್ ಅಪ್ಪಟ ಸಜ್ಜನ. ಸಮಾನತೆಯೆಂದರೆ ಆತನಿಗೆ ಪ್ರಾಣ. ನರಹರಿ ಎಂಬ ನನ್ನನ್ನು ಮೊದಲ ದಿನವೇ 'ಹ್ಯಾರಿ' ಮಾಡಿ ತನ್ನ ಸಮಾನನನ್ನಾಗಿಸಿಕೊಂಡಿದ್ದ. ಥಾಯ್ ಸಂಸ್ಕೃತಿ ತಿಳಿಸಲು ಕಂಪನಿ ಒಬ್ಬ ಕನ್ಸಲ್ಟೆಂಟನ್ನು ಕರೆಸಿ ಅರ್ಧ ದಿನದ ಟ್ರೇನಿಂಗ್ ಕೊಡಿಸಿತು. ತಲೆ ಪವಿತ್ರ, ಮುಟ್ಟಬೇಡಿ, ಪಾದ ಕನಿಷ್ಠ, ಯಾರ ಕಡೆಗೂ ಚಾಚಬೇಡಿ, ಕೈಮುಗಿಯುವುದನ್ನು ಕಲಿಯಿರಿ. ಬ್ರಾಡ್ ಶ್ರದ್ಧೆಯಿಂದ ಕಲಿತ. ಕೆಫೆಟೇರಿಯಾದ ಮೈಕ್ರೋವೇವ್ ಒಂದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಕೈಮುಗಿದ. ಯಾರು ಮೊದಲು ಮುಗಿಯಬೇಕು, ಕೈ ಎದೆಯ ಹತ್ತಿರವೋ ಹಣೆಯ ಹತ್ತಿರವೋ ಎಂಬುದು ಸ್ಲೈಡಿನಲ್ಲಿ ಇರಲಿಲ್ಲ.

ಸ್ವಾಗತದ ಊಟದಲ್ಲಿ ಬ್ರಾಡ್, "ನಮ್ಮಪ್ಪ ಟ್ರಕ್ ಡ್ರೈವರ್. ನಿಮ್ಮಪ್ಪಂದಿರು ಏನು ಮಾಡ್ತಿದ್ರು, ಹೇಳಿ!" ಎಂದು ಎದೆಯುಬ್ಬಿಸಿ ಕೇಳಿದ. ಅಮೆರಿಕದಲ್ಲಿ ತಳದಿಂದ ಮೇಲೆ ಬಂದದ್ದನ್ನು ಪದಕದಂತೆ ತೋರಿಸಿಕೊಳ್ಳುತ್ತಾರೆ. ಪ್ರಸೋಂಗ್ "ಸರ್ಕಾರಿ ಸೇವೆ" ಎಂದರು. ನೋಕ್ ಸಲಾಡ್ ಕೆದಕುತ್ತ, "ಸಣ್ಣ ವ್ಯಾಪಾರ" ಎಂದಳು. ಶಿರಸ್ತೇದಾರರ ಮಗನಾದ ನಾನು "ರೆವಿನ್ಯೂ ಅಡ್ಮಿನಿಸ್ಟ್ರೇಷನ್" ಎಂದೆ. ಏಷ್ಯಾ ಖಂಡದ ಮಾನ ಉಳಿಯಿತು.

ಪರೀಕ್ಷೆ ಸೊಗಸಾಗಿ ನಡೆಯಿತು. ರೂಟಿಂಗ್‌ನಲ್ಲಿ, ಎಂದರೆ ಒಂದು ಕರೆ ಯಾವ ಎಕ್ಸ್‌ಚೇಂಜ್ ದಾಟಿ ಎಲ್ಲಿಗೆ ಹೋಗಬೇಕೆಂದು ಗೊತ್ತುಮಾಡುವ ಭಾಗದಲ್ಲಿ, ನೋಕ್ ಒಂದು ದೋಷ ಹಿಡಿದಳು. ನಮ್ಮವರು ಸರಿಪಡಿಸಿದರು. ಶುಕ್ರವಾರದ ಮೀಟಿಂಗಿನಲ್ಲಿ ಬ್ರಾಡ್ ಎದ್ದುನಿಂತ. ಕೈಯಲ್ಲಿ 'ಸ್ಟಾರ್ ಪರ್ಫಾರ್ಮರ್' ಎಂದು ಕೆತ್ತಿದ ಗಾಜಿನ ಫಲಕ. ಅದನ್ನು ನೋಕಳ ಕೈಗಿಟ್ಟು, ಪ್ರಸೋಂಗರ ಕಡೆ ತಿರುಗಿ, "ಯು ಆರ್ ಲಕ್ಕಿ ಟು ಹ್ಯಾವ್ ಹರ್, ಪ್ರಸೋಂಗ್! ಇವಳು ಇಲ್ಲದಿದ್ರೆ ನೀವೆಲ್ಲ ಏನು ಮಾಡ್ತಿದ್ರಿ?" ಎಂದ.

ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಸೋಂಗ್ ಕೂಡ ನಗುತ್ತಲೇ ತಟ್ಟಿದರು. ನೋಕ್ ಮಾತ್ರ ಬಿಸಿ ಇಡ್ಲಿಪಾತ್ರೆ ಹಿಡಿದವಳಂತೆ ಫಲಕ ಹಿಡಿದು ನಿಂತಿದ್ದಳು.

ಸೋಮವಾರ ಬೆಳಿಗ್ಗೆ ಪ್ರಸೋಂಗ್ ಅಷ್ಟೇ ಮಧುರವಾಗಿ ನಗುತ್ತ ತಿಳಿಸಿದರು: ವನಿದಾಳ ತಾಯಿಗೆ ಆರೋಗ್ಯ ಸರಿಯಿಲ್ಲ, ಅವಳು ಈ ವಾರವೇ ಊರಿಗೆ ಹೊರಡುತ್ತಾಳೆ, ರೆಸಿಡೆಂಟ್ ಹುದ್ದೆಗೆ ಬೇರೆ ಯಾರನ್ನಾದರೂ ನೋಡೋಣ. ಬ್ರಾಡ್ ಮರುಗಿ, ಹೂಗುಚ್ಛ ಕಳಿಸಲು ಆ ತಾಯಿಯ ವಿಳಾಸ ಕೇಳಿದ.

ಲ್ಯಾಬಿನಲ್ಲಿ ನೋಕ್ ಕೇಬಲ್ ಸುತ್ತುತ್ತಿದ್ದಳು. ಕೋಟು ಕುರ್ಚಿಯ ಬೆನ್ನಿಗಿತ್ತು.

"ಅಮ್ಮನಿಗೆ ಏನಾಗಿದೆಯಮ್ಮ?" ಎಂದೆ.

"ಏನೂ ಇಲ್ಲ, ನಿನ್ನೆ ಫೋನ್ ಮಾಡಿದಾಗ ಅಂಗಡೀಲಿ ಯಾರನ್ನೋ ಬೈತಾ ಇದ್ರು..." ಎಂದವಳು ಥಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದಳು. ಆಮೇಲೆ ಕೋಟಿನ ತೋಳನ್ನು ನೇವರಿಸುತ್ತ, "ಇದನ್ನ ಅಂಗಡಿಯವರು ವಾಪಸ್ ತಗೋತಾರಾ, ಖುನ್ ಹ್ಯಾರಿ? ನಮ್ಮೂರಲ್ಲಿ ಇದನ್ನ ಹಾಕ್ಕೊಂಡ್ರೆ ನಾಯಿ ಬೊಗಳುತ್ತೆ" ಎಂದು ನಕ್ಕಳು. ನಾನೂ ನಕ್ಕೆ. ಇಬ್ಬರಿಗೂ ನಗು ಬಂದಿರಲಿಲ್ಲ.

ಸಂಜೆ ಮನೆಯಲ್ಲಿ ಈ ಅಂತರರಾಷ್ಟ್ರೀಯ ಬಿಕ್ಕಟ್ಟನ್ನು ನನ್ನ ಹೆಂಡತಿ ಶಾಂತಾಳ ಮುಂದಿಟ್ಟೆ. ಧಾರವಾಡದವಳು. ಬದನೆಕಾಯಿಗೆ ಎಣ್ಣೆ ಹಾಕುತ್ತಲೇ ತೀರ್ಪು ಕೊಟ್ಟಳು.

"ಅಲ್ರೀ, ಅತ್ತಿ ಮುಂದ ಸೊಸೀನ ಹೊಗಳಿದ್ರ ಏನಾಗತದ? ಮರುದಿನಾನ ಸೊಸೀಗೆ ತವರಮನಿ ದಾರಿ ಹಿಡಸ್ತಾರ. ಇದಕ್ಕ ನಿಮ್ಮ ಕನ್ಸಲ್ಟೆಂಟ್ ಯಾಕ ಬೇಕಿತ್ತು? ನನ್ನ ಕೇಳಬೇಕಿತ್ತು."

"ಈಗೇನು ಮಾಡೋದು?"

"ಅತ್ತೀಗೆ ಮೊದಲು ಸೀರಿ ಉಡಸ್ರಿ. ಆಮ್ಯಾಲ ಅಕೀನ ಸೊಸೀನ ಕರಕೊಂಡು ಕೂಡಸ್ಕೋತಾಳ."

ಸೀರೆ ಎಂದಾಗ ನನಗೆ ಬೇಸ್‌ಮೆಂಟ್ ನೆನಪಾಯಿತು. ಆ ವರ್ಷ ನಾನು ನಮ್ಮ ಕನ್ನಡ ಕೂಟದ ಪದಾಧಿಕಾರಿ. ಬಂದ ಅತಿಥಿಗಳಿಗೆಲ್ಲ ಸನ್ಮಾನ ಮಾಡಿಯೂ ಮುಗಿಯದಷ್ಟು ಮೈಸೂರು ಪೇಟ, ಶಾಲು, ಗಂಧದ ಹಾರಗಳು ನಮ್ಮ ವಾಟರ್ ಹೀಟರ್ ಪಕ್ಕದಲ್ಲಿ ರಾಶಿಬಿದ್ದಿದ್ದವು. ಜಗತ್ತಿನಲ್ಲಿ ಯಾರಿಗೆ ಏನು ಬರುತ್ತದೋ ಕಾಣೆ, ಕನ್ನಡಿಗರಿಗೆ ಸನ್ಮಾನ ಮಾಡಲು ಬರುತ್ತದೆ.

ನಾನು ಪೇಟದ ಧೂಳು ಒರೆಸುವುದನ್ನು ಕಂಡು ಮಗಳು ಮೆಟ್ಟಿಲ ಮೇಲಿಂದ, "ಅಪ್ಪಾ, ಆರ್ ಯು ಪುಟಿಂಗ್ ಎ ಟರ್ಬನ್ ಆನ್ ಎ ಕ್ಲೈಂಟ್?" ಎಂದಳು. ವಿಷಯ ತಿಳಿದು, "ಬಟ್ ಶೀ ಡಿಡ್ ದ ವರ್ಕ್! ದಟ್ಸ್ ಸೋ ಅನ್‌ಫೇರ್" ಎಂದು ಸಿಡುಕಿದಳು. ನಾನು ಪೇಟ ಒರೆಸಿದೆ.

ಪ್ರಸೋಂಗರಿಗೆ ಶಾಲು ಹೊದಿಸಿ ಪೇಟ ತೊಡಿಸೋಣವೆಂದು ಬ್ರಾಡ್‌ನನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ.

"ನಾನೇನು ತಪ್ಪು ಮಾಡಿದೆ ಹ್ಯಾರಿ? ಐ ಜಸ್ಟ್ ಟೋಲ್ಡ್ ದ ಟ್ರೂತ್."

"ನಿಜ ಹೇಳಿದ್ದು ತಪ್ಪಲ್ಲ ಬ್ರಾಡ್. ನೇರವಾಗಿ ಡಯಲ್ ಮಾಡಿದ್ದು ತಪ್ಪು. ಆ ಕರೆ ಪ್ರಸೋಂಗರ ಎಕ್ಸ್‌ಚೇಂಜ್ ದಾಟಿ ಹೋಗಬೇಕಿತ್ತು."

ರೂಟಿಂಗ್ ಎಂದ ಕೂಡಲೇ ಅವನಿಗೆ ಅರ್ಥವಾಯಿತು. ಎಂಜಿನಿಯರುಗಳ ಹತ್ತಿರ ಮನುಷ್ಯಸ್ವಭಾವವನ್ನು ಯಂತ್ರಭಾಷೆಯಲ್ಲೇ ಮಾತಾಡಬೇಕು. ಆದರೆ ಒಂದೇ ಕ್ಷಣದಲ್ಲಿ ಅವನ ಮುಖ ಬಿಳಿಚಿತು. "ಪೇಟ! ತಲೆ ಮುಟ್ಟಬಾರದು ಅಂತ ಸ್ಲೈಡ್ ಇದೆ!"

ಇದಕ್ಕೂ ಧಾರವಾಡದಿಂದಲೇ ಪರಿಹಾರ ಬಂತು: ತಟ್ಟೆಯಲ್ಲಿಟ್ಟು ಕೊಡಿ, ಇಟ್ಟುಕೊಳ್ಳುವುದು ಅವರಿಗೆ ಬಿಟ್ಟದ್ದು. ತಟ್ಟೆ ಮಾತ್ರ ಆ ಹುಡುಗಿಯ ಕೈಯಲ್ಲಿರಲಿ.

ಬುಧವಾರ ಕಾನ್ಫರೆನ್ಸ್ ರೂಮಿನಲ್ಲಿ, ಓವರ್‌ಹೆಡ್ ಪ್ರೊಜೆಕ್ಟರಿನ ಸಾನ್ನಿಧ್ಯದಲ್ಲಿ, ಗುರುಸನ್ಮಾನ ಸಮಾರಂಭ ಏರ್ಪಟ್ಟಿತು. ನಾನು ನಾಲ್ಕು ಮಾತಾಡಿದೆ: ನಮ್ಮಲ್ಲಿ ಶಿಷ್ಯರು ಒಳ್ಳೆಯ ಕೆಲಸ ಮಾಡಿದಾಗ ಗುರುವಿಗೆ ಶಾಲು ಹೊದಿಸುತ್ತೇವೆ, ಕಳೆದ ಶುಕ್ರವಾರ ನಾವು ಆರಂಭಿಸಿದ ಕಾರ್ಯಕ್ರಮದ ಮುಖ್ಯಭಾಗ ಇವತ್ತಿಗೆ ಉಳಿದಿತ್ತು. ಎರಡನೆಯ ವಾಕ್ಯ ಶುದ್ಧ ಸುಳ್ಳು. ಬ್ರಾಡ್ ಶಾಲು ಹೊದಿಸಿದ. ನೋಕ್ ತಟ್ಟೆ ಹಿಡಿದು, ಮೈ ಬಾಗಿಸಿ, ತನ್ನ ತಲೆ ಅವರ ತಲೆಗಿಂತ ಕೆಳಗಿರುವಂತೆ ಮುಂದೆ ಬಂದಳು.

ಪ್ರಸೋಂಗ್ ಪೇಟವನ್ನು ನೋಡಿದರು. ತುಂಬ ಹೊತ್ತು ನೋಡಿದರು.

ಅವರು ಎರಡೂ ಕೈಯಲ್ಲಿ ಪೇಟ ಎತ್ತಿ ತಲೆಗಿಟ್ಟುಕೊಂಡರು. ಕೂಟದ ಪೇಟಗಳು ದೊಡ್ಡ ತಲೆಗಳ ಅಂದಾಜಿನಲ್ಲಿ ಮಾಡಿಸಿದವು. ಇದು ಹುಬ್ಬಿನವರೆಗೆ ಇಳಿಯಿತು. ಯಾರೂ ನಗಲಿಲ್ಲ. ಅವರು ಕಿಟಕಿಯ ಗಾಜಿನಲ್ಲಿ ತಮ್ಮ ಬಿಂಬ ನೋಡಿಕೊಂಡು, ಪೇಟವನ್ನು ಮೇಲಕ್ಕೆ ಸರಿಸಿ, "ನಮ್ಮ ಮನೆಯ ಗೋಡೆಯಲ್ಲಿರುವ ಮುತ್ತಾತನ ಹಾಗೆ ಕಾಣ್ತಿದ್ದೇನೆ. ಅವರು ಇಷ್ಟು ಚೆನ್ನಾಗಿರಲಿಲ್ಲ" ಎಂದರು. ಕೋಣೆ ನಕ್ಕಿತು. ಆಮೇಲೆ ಅವರು ತಟ್ಟೆಯನ್ನು ನೋಕಳ ಕೈಯಿಂದ ತೆಗೆದುಕೊಂಡು ಮೇಜಿನ ಮೇಲಿಟ್ಟು, ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ, "ಇವಳು ನನ್ನ ವಿದ್ಯಾರ್ಥಿನಿ. ಇವಳ ತಾಯಿ ಈಗ ಗುಣವಾಗಿದ್ದಾರೆಂದು ಸುದ್ದಿ ಬಂದಿದೆ. ಇವಳು ಇಲ್ಲೇ ಉಳಿಯುತ್ತಾಳೆ" ಎಂದರು.

ಎರಡೇ ದಿನದಲ್ಲಿ ಅಷ್ಟು ಚೇತರಿಕೆ! ಬ್ರಾಡ್‌ನ ಹೂಗುಚ್ಛ ಆಗಿನ್ನೂ ದಾರಿಯಲ್ಲೇ ಇತ್ತು.

ಬೀಳ್ಕೊಡುವ ದಿನ ಕಾರಿನ ಬಳಿ ಪ್ರಸೋಂಗ್ ನನ್ನ ಕೈ ಹಿಡಿದು ಕೇಳಿದರು. "ಖುನ್ ನರಹರಿ, ನಿಮ್ಮ ದೇಶದಲ್ಲೂ ತಾಯಂದಿರಿಗೆ ಹೀಗೆ ಕಾಯಿಲೆ ಬರುತ್ತದೆಯೆ?"

"ಆಗಾಗ ಬರುತ್ತೆ, ಸರ್."

"ಔಷಧ ಚೆನ್ನಾಗಿದೆ" ಎಂದು ಕಾರು ಹತ್ತಿದರು. ಪೇಟ ಅವರ ತೊಡೆಯ ಮೇಲಿತ್ತು. ಆ ಕಂಪನಿಯಲ್ಲಿ ನನ್ನ ಹೆಸರನ್ನು ಪೂರ್ತಿ ಹೇಳಿದ ಮೊದಲಿಗರು ಅವರೇ.

ಪ್ರಶಂಸೆಗೂ ರೂಟಿಂಗ್ ಇದೆ ಎಂಬುದು ನನ್ನ ವೃತ್ತಿ ಕಲಿಸಿದ ಪಾಠ. ಮಗಳು ಹೇಳಿದಂತೆ ಅದು ಅನ್ಯಾಯವೇ. ಆದರೆ ಹೊಸ ಎಕ್ಸ್‌ಚೇಂಜ್ ಬಂದು ಕೂರುವವರೆಗೆ ಕರೆ ಹಳೆಯ ದಾರಿಯಲ್ಲೇ ಹೋಗಬೇಕು. ಇಲ್ಲದಿದ್ದರೆ ಅದು ತಲುಪುವುದಿಲ್ಲ.

ಕೆಲವು ವರ್ಷಗಳ ಮೇಲೆ ನೋಕ್ ಮತ್ತೆ ಬಂದಳು, ಈ ಸಲ ತಾನೇ ತಂಡದ ಮುಖ್ಯಸ್ಥೆಯಾಗಿ. ಅದೇ ನೀಲಿ ಕೋಟು, ತೋಳಿನ ಅಂಚು ಸವೆದಿತ್ತು. ನಮ್ಮ ಮನೆಯ ಊಟಕ್ಕೆ ತಂಡದ ಕಿರಿಯ ಹುಡುಗಿಯೊಬ್ಬಳನ್ನೂ ಕರೆತಂದಿದ್ದಳು. ಆ ಹುಡುಗಿ ಲ್ಯಾಬಿನಲ್ಲಿ ಅಂದು ದೊಡ್ಡದೊಂದು ಕೆಲಸ ಸಾಧಿಸಿದ್ದಳು. ನಾನು ಅನುಭವಸ್ಥನ ಗತ್ತಿನಿಂದ ಎದ್ದು ಬೇಸ್‌ಮೆಂಟಿನ ದೀಪ ಹಾಕಿದೆ.

"ಎಲ್ಲಿಗೆ ಅಂಕಲ್?" ಎಂದಳು ನೋಕ್. ಕನ್ನಡ ಕೂಟದ ಮಕ್ಕಳಿಂದ ಕಲಿತ ಸಂಬೋಧನೆ.

"ನಿನಗೊಂದು ಪೇಟ ತರೋಣ ಅಂತ."

"ಬೇಡ, ಕೂತ್ಕೊಳ್ಳಿ" ಎಂದು ಆ ಹುಡುಗಿಯನ್ನು ತೋರಿಸಿ ನಕ್ಕಳು. "ಅವಳನ್ನ ನೇರವಾಗಿಯೇ ಹೊಗಳಿ."

ನಾನು ದೀಪ ಆರಿಸಿ ಬಂದು ಕುಳಿತೆ.