ದಾವಲಬೀ ಜಜ್ಜಿದ ಸೌತಿಕಾಯಿ

ಬೆಳಗಿನ ಆರು ಗಂಟೆ. ಶಹಾಪುರದ ಈ ಓಣಿಗೆ ಇನ್ನೂ ನಳದ ನೀರು ಬಂದಿಲ್ಲ, ಹಾಲಿನವನೂ ಬಂದಿಲ್ಲ. ಸೌತೆಕಾಯಿ ಮಾತ್ರ ಬಂದಿದೆ, ಎರಡು ಸಣ್ಣ ಚೀಲದ ತುಂಬ. ಐವತ್ತೆರಡರ ದಾವಲಬೀ ಅಂಗಳದಲ್ಲಿ ಮಣೆ ಹಾಕಿಕೊಂಡು ಕುಳಿತಿದ್ದಾರೆ. ಒಂದೊಂದೇ ಕಾಯಿಯನ್ನು ತೊಳೆದು, ತೊಟ್ಟಿನ ಕಡೆಯಿಂದ ಉಗುರಿನಷ್ಟು ಚೂರು ಕತ್ತರಿಸಿ, ಆ ಚೂರನ್ನು ಕಾಯಿಯ ಪಕ್ಕದಲ್ಲೇ ಇಡುತ್ತಾರೆ. ಕತ್ತರಿಸುತ್ತಾರೆ, ಆದರೆ ಬಾಯಿಗೆ ಹಾಕಿಕೊಳ್ಳುವುದಿಲ್ಲ. ರಂಜಾನ್ ತಿಂಗಳು. ನಸುಕಿನ ಸಹರಿ ಊಟ ಮುಗಿದು ರೋಜಾ ಹಿಡಿದಾಗಿದೆ.

ಕಷ್ಟ ಇರುವುದೇ ಇಲ್ಲಿ. ರುಚಿ ನೋಡದ ಒಂದು ಸೌತೆಕಾಯಿಯೂ ಈ ಮನೆಯಿಂದ ಆಚೆ ಹೋಗಬಾರದು. ರುಚಿ ನೋಡಬೇಕಾದವರು ಉಪವಾಸ. ಸಾಲದ್ದಕ್ಕೆ ಇವತ್ತು ಸೋಮವಾರ.

ಬಸ್ ನಿಲ್ದಾಣದ ಹತ್ತಿರ ಪಂಪಣ್ಣನ ಚೈನೀಸ್ ಬಂಡಿ ಗೊತ್ತಿಲ್ಲದವರು ಶಹಾಪುರದಲ್ಲಿ ಕಡಿಮೆ. ಗೋಬಿ, ನೂಡಲ್ಸ್ ಎಲ್ಲ ಕಡೆ ಇರುವಂಥದ್ದೇ. ಆದರೆ ಅದರ ಜೊತೆ ಒಂದು ಪುಟ್ಟ ಬಟ್ಟಲಿನಲ್ಲಿ ಬರುತ್ತದಲ್ಲ, ಜಜ್ಜಿದ ಸೌತೆಕಾಯಿ, ಅದಕ್ಕಾಗಿಯೇ ಯಾದಗಿರಿ, ಸುರಪುರದ ಕಡೆಯ ಬಸ್ಸಿನವರು ಐದು ನಿಮಿಷ ಇಳಿದು ಓಡಿಬರುತ್ತಾರೆ. ಮೊದಲು ತಂಪು, ಆಮೇಲೆ ಹುಳಿ, ಕೊನೆಗೆ ಕಿವಿಯಲ್ಲಿ ಹೊಗೆ. ನಾನೂ ನಾಲ್ಕು ವರ್ಷದಿಂದ ಅದನ್ನು ತಿನ್ನುತ್ತ, "ಪಂಪಣ್ಣನ ಕೈ ಚಲೋ ಅದ" ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು. ಮೊನ್ನೆ ಪಂಪಣ್ಣನೇ ನನ್ನ ಅಜ್ಞಾನ ಬಿಡಿಸಿದ. "ಅದು ನಂದಲ್ರಿ. ದಾವಲಬಕ್ಕಂದು. ನಾ ಬರೇ ಬಟ್ಲಾಗ ಹಾಕಾಂವ." ನಾಚಿಕೆಯಾಯಿತು. ಅದಕ್ಕೇ ಪೇಪರಿಗೆ ಅವರ ಬಗ್ಗೆ ಬರೆಯಲೆಂದು ಈ ಸೋಮವಾರ ನಸುಕಿನಲ್ಲೇ ಎದ್ದು ಬಂದಿದ್ದೇನೆ.

ದಾವಲಬೀ ಈ ವಿದ್ಯೆ ಕಲಿತದ್ದು ಹೈದರಾಬಾದಿನಲ್ಲಿ. ಗಂಡ ಮನ್ಸೂರಅಲಿ ಅಲ್ಲೊಂದು ಚೈನೀಸ್ ಹೋಟೆಲಿನಲ್ಲಿ ಒಲೆ ನೋಡಿಕೊಳ್ಳುತ್ತಿದ್ದರು. ಇವರು ಅದೇ ಹೋಟೆಲಿನಲ್ಲಿ ಒಂಬತ್ತು ವರ್ಷ ಪಾತ್ರೆ ತಿಕ್ಕಿದರು, ತರಕಾರಿ ಹೆಚ್ಚಿದರು. ಡಾರ್ಜಿಲಿಂಗ್ ಕಡೆಯ ಮುದುಕ ಅಡುಗೆಯವನೊಬ್ಬ ಸೌತೆಕಾಯಿಯನ್ನು ಹೆಚ್ಚದೆ ಕತ್ತಿಯ ಮೈಯಿಂದ ಬಡಿದು ಒಡೆಯುವುದನ್ನು ನೋಡಿ ಇವರಿಗೆ ನಗು ತಡೆಯಲಾಗಲಿಲ್ಲವಂತೆ. "ಕೊಯ್ದರ ಮಸಾಲಿ ಮ್ಯಾಲ ಜಾರಿ ಹೋಗ್ತದ, ಒಡದರ ಒಳಗ ಹೋಗ್ತದ ಅಂತ ಆತ ಕೈ ಮಾಡಿ ತೋರಿಸಿದ್ರಿ. ಆತನ ಹಿಂದಿ ನನಗ ತಿಳೀತಿದ್ದಿಲ್ಲ, ನನ್ನ ಉರ್ದು ಆತಗ ತಿಳೀತಿದ್ದಿಲ್ಲ. ಆದ್ರ ಸೌತಿಕಾಯಿ ಇಬ್ಬರಿಗೂ ತಿಳೀತು," ಎಂದು ಈಗಲೂ ನಗುತ್ತಾರೆ.

ಲಾಕ್‌ಡೌನ್‌ನಲ್ಲಿ ಹೋಟೆಲು ಮುಚ್ಚಿತು. ಇಬ್ಬರೂ ಹಾಸಿಗೆ ಪಾತ್ರೆ ಕಟ್ಟಿಕೊಂಡು ಶಹಾಪುರಕ್ಕೆ ಬಂದರು. ಒಲೆಯ ಹೊಗೆಯಲ್ಲಿ ಬೆಂದ ಮನ್ಸೂರಅಲಿಯ ಎದೆ ಅಷ್ಟರಲ್ಲಿ ಕೈಕೊಟ್ಟಿತ್ತು. ಎರಡು ಹೆಜ್ಜೆ ನಡೆದರೆ ದಮ್ಮು. ದಾವಲಬೀ ಒಂದು ಡಬ್ಬಿಯಲ್ಲಿ ಸೌತೆಕಾಯಿ ಮಾಡಿಕೊಂಡು ಹೋಗಿ ಪಂಪಣ್ಣನ ಬಂಡಿಯ ಮುಂದೆ ನಿಂತರು. ಪಂಪಣ್ಣ ಮುಚ್ಚಳ ತೆಗೆದು ನೋಡಿ, "ಯಾಕಕ್ಕಾ, ಎಮ್ಮಿ ತುಳದದೇನು?" ಅಂದನಂತೆ. ಅಂದವನು ಒಂದು ತುಂಡು ಬಾಯಿಗೆ ಹಾಕಿಕೊಂಡ. ಆಮೇಲೆ ಇನ್ನೊಂದು. ಡಬ್ಬಿ ಖಾಲಿಯಾದ ಮೇಲೆ, "ನಾಳಿಗೂ ತಗೊಂಡ ಬಾ" ಅಂದ.

ಅಂದಿನಿಂದ ದಿನಕ್ಕೆ ಹದಿನೆಂಟು ಕಿಲೋ, ಎಣಿಸಿದರೆ ಸುಮಾರು ನೂರಿಪ್ಪತ್ತು ಕಾಯಿ. ಎಲ್ಲವನ್ನೂ ಲಟ್ಟಣಿಗೆಯಿಂದ ಜಜ್ಜಿ, ಕೈಯಿಂದಲೇ ತುಂಡು ಮಾಡಿ, ಉಪ್ಪು ಸವರಿ ಜರಡಿಯಲ್ಲಿ ಅರ್ಧ ಗಂಟೆ ನೀರಿಳಿಯಲು ಬಿಡಬೇಕು. ಹೋಟೆಲಿನಲ್ಲಿ ಹಾಕುತ್ತಿದ್ದ ಎಣ್ಣೆ ಇಲ್ಲಿ ಸಿಗುವುದಿಲ್ಲ, ಇವರದು ಕುಸುಬೆ ಎಣ್ಣೆ. ಖಾರಕ್ಕೆ ಗುಂಟೂರು ಮೆಣಸಿನಕಾಯಿ, ಬಣ್ಣಕ್ಕೆ ಬ್ಯಾಡಗಿ, ಎರಡನ್ನೂ ತರಿತರಿಯಾಗಿ ಕುಟ್ಟಿ ಬೆಳ್ಳುಳ್ಳಿಯ ಜೊತೆ ಬಟ್ಟಲಿನಲ್ಲಿಟ್ಟು, ಕಾದ ಎಣ್ಣೆಯನ್ನು ಮೇಲೆ ಹುಯ್ದರೆ ಓಣಿಯ ಆ ತುದಿಯವರೆಗೂ ಸೀನು. ಆಮೇಲೆ ವಿನೆಗರ್, ಸೋಯಾ ಸಾಸ್, ಚೂರು ಬೆಲ್ಲ, ಮೇಲೆ ಹುರಿದ ಎಳ್ಳು. ಉಪ್ಪು, ಹುಳಿ, ಖಾರದಲ್ಲಿ ದಿನವೂ ಅದ್ದುವ ಅವರ ಬೆರಳ ತುದಿಗಳು ಬಿರುಕು ಬಿಟ್ಟಿವೆ. ನಮಾಜಿಗೆ ಕೈ ತೊಳೆಯುವಾಗ ಉರಿಯುತ್ತದೆ ಎಂದು ಗಂಡ ಹೇಳುತ್ತಾರೆ. ದಾವಲಬೀ ಹೇಳುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಒಂದೇ ಒಂದು ಕಹಿಕಾಯಿ ಸೇರಿದರೆ ಮುಗಿಯಿತು, ಇಡೀ ಪಾತ್ರೆ ಹಾಳು. ಬಿಸಿಲು ಏರಿದಂತೆ ಸೌತೆಕಾಯಿಯ ತೊಟ್ಟಿಗೆ ಕಹಿ ಇಳಿಯುತ್ತದೆ. ನೋಡಲು ಎಲ್ಲವೂ ಒಂದೇ. ನಮ್ಮ ಮನೆಗಳಲ್ಲಿ ತುದಿ ಕೊಯ್ದು ತಿಕ್ಕಿ ನೊರೆ ತೆಗೆಯುತ್ತೇವಲ್ಲ, ಅದನ್ನು ಕೇಳಿದರೆ ದಾವಲಬೀ ಕೈಯಾಡಿಸಿಬಿಡುತ್ತಾರೆ. "ಅದು ನಮ್ಮ ಸಮಾಧಾನಕ್ಕರಿ. ಕಹಿ ಏನ್ ಎದ್ದು ಹೋಗ್ತದ? ನಾಲಿಗಿ ಒಂದ ಸುಳ್ಳು ಹೇಳಂಗಿಲ್ಲ." ಹನ್ನೊಂದು ತಿಂಗಳು ಅವರದೇ ನಾಲಿಗೆ. ರಂಜಾನಿನಲ್ಲಿ ಮಾತ್ರ ಪಕ್ಕದ ಮನೆಯ ಗೊಲ್ಲಾಳಮ್ಮನದು. ತುದಿನಾಲಿಗೆಗೆ ಹಚ್ಚಿ ಉಗುಳಿದರೆ ರೋಜಾ ಮುರಿಯುವುದಿಲ್ಲ ಎಂದು ಹೇಳುವವರಿದ್ದಾರೆ. "ಅವರಿಗಿ ನಡೀತದೇನೋ. ನನ್ನ ಮನಸ್ಸಿಗಿ ನಡಿಯಂಗಿಲ್ಲ," ಎನ್ನುತ್ತಾರೆ.

ಗೊಲ್ಲಾಳಮ್ಮನದು ಸೋಮವಾರ ಶಿವನ ಉಪವಾಸ, ಸಂಜೆ ಪೂಜೆಯಾಗುವವರೆಗೆ ಏನೂ ಮುಟ್ಟುವುದಿಲ್ಲ. ಹಾಗಾಗಿ ರಂಜಾನಿನ ಸೋಮವಾರಗಳಂದು ಇಬ್ಬರ ನಾಲಿಗೆಗೂ ಬೀಗ, ಮೊದಲೆಲ್ಲ ಆ ದಿನ ಕೆಲಸಕ್ಕೇ ರಜೆ ಇರುತ್ತಿತ್ತು. ಹೋದ ವರ್ಷ ಪಂಪಣ್ಣ ಕೇಳಲಿಲ್ಲ. ರೋಜಾ ಬಿಟ್ಟ ಮೇಲೆ ಬಂಡಿಗೆ ಜನ ಮುಗಿಬೀಳುತ್ತಾರೆ, ಸೋಮವಾರವೂ ಬೇಕೇ ಬೇಕು ಎಂದು ಕುಳಿತ. ಗೊಲ್ಲಾಳಮ್ಮ ಆಗಷ್ಟೇ ಮದುವೆಯಾಗಿ ಬಂದಿದ್ದ ಸೊಸೆ ಶಿವರಂಜನಿಯನ್ನು ಕಳಿಸಿದರು. ಹುಡುಗಿ ತಲೆಯ ಮೇಲಿನ ಸೆರಗು ಸರಿಸದೆ ನೂರಿಪ್ಪತ್ತು ಚೂರು ತಿಂದಳು. ನೂರಿಪ್ಪತ್ತಕ್ಕೂ "ಚಲೋ ಅದರಿ ಚಾಚಿ" ಅಂದಳು.

ಸಂಜೆ ಬಂಡಿಯ ಮುಂದೆ ಜನ ಉಗುಳಿದರು. ಇಡೀ ದಿನ ನೀರು ಮುಟ್ಟದೆ ಇದ್ದವರ ಬಾಯಿಗೆ ಕಹಿ ಬಿದ್ದರೆ ಸುಮ್ಮನಿರುತ್ತಾರೆಯೇ? ಒಬ್ಬ ಬಟ್ಟಲನ್ನೇ ಎಸೆದ. ದಾವಲಬೀ ಹೋಗಿ ಪಾತ್ರೆ ವಾಪಸು ತಂದು ಚೆಲ್ಲಿದರು. ಆ ರಂಜಾನು ಮುಗಿಯುವವರೆಗೂ ಪಂಪಣ್ಣ ಸೌತೆಕಾಯಿ ತೆಗೆದುಕೊಳ್ಳಲಿಲ್ಲ. "ಒಲಿ ಮುಂದ ಕುಂದರ್ತಿದ್ದೆ, ಏಳ್ತಿದ್ದೆ. ಈ ಊರಾಗ ನಂದಂತ ಇದ್ದದ್ದ ಅದೊಂದು ರುಚಿ. ಅದೂ ಹೋಯ್ತು ಅನಿಸ್ತು," ಎನ್ನುವಾಗ ದಾವಲಬೀಯ ಕೈಯಲ್ಲಿನ ಕತ್ತಿ ನಿಲ್ಲುತ್ತದೆ.

ಚೆಲ್ಲಿದ ರಾತ್ರಿಯೇ ಶಿವರಂಜನಿ ಹಿತ್ತಲ ಬಾಗಿಲಿಗೆ ಬಂದು ಅತ್ತಳು. ಮೂರು ಕಾಯಿ ಕಹಿ ಇದ್ದವು, ಗೊತ್ತಿದ್ದೇ ನುಂಗಿದ್ದಳು. ಕಾರಣ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಆ ಸೌತೆಕಾಯಿ ಹತ್ತಿರದ ಗೋಗಿ ಊರಲ್ಲಿ ಅವಳ ಅಪ್ಪ ಮಲ್ಕಪ್ಪ ಬೆಳೆದದ್ದು. ಮಗಳನ್ನು ಈ ಓಣಿಗೆ ಕೊಟ್ಟ ಮೇಲೆ ಬೀಗರ ನೆರೆಮನೆ ಎಂಬ ಪ್ರೀತಿಯಿಂದ ಮಲ್ಕಪ್ಪ ಅದೇ ವಾರ ಕಳಿಸಲು ಶುರು ಮಾಡಿದ್ದ. "ತವರುಮನಿ ಕಾಯಿ ಕಹಿ ಅಂತ ಅತ್ತಿಮನಿ ಓಣ್ಯಾಗ ನಿಂತು ಹ್ಯಾಂಗ ಹೇಳ್ಲಿ ಚಾಚಿ?" ಅಂದಿದ್ದಳು ಹುಡುಗಿ.

ದಾವಲಬೀಗೆ ಸಿಟ್ಟು ಬಂದಿತ್ತು, ಸುಳ್ಳೇಕೆ. ಎರಡು ದಿನ ಅವಳ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಕರೆದು ಕೂರಿಸಿಕೊಂಡರು. "ನುಂಗೂದು ಕಲತು ಬಂದಾಳ್ರಿ ಪಾಪ, ಹೆಣ್ಮಕ್ಕಳಿಗಿ ಎಲ್ಲಾರೂ ಅದನ್ನ ಕಲಸ್ತಾರ. ಉಗುಳೂದು ನಾ ಕಲಸಬೇಕಾಯ್ತು." ಈದ್ ಮುಗಿದು ಕೆಲಸ ಮತ್ತೆ ಶುರುವಾದಾಗಿನಿಂದ ರೂಢಿಯಾಗಲೆಂದು ಪ್ರತಿ ಸೋಮವಾರ ಶಿವರಂಜನಿಯೇ ರುಚಿ ನೋಡುತ್ತಾಳೆ. ಕಹಿ ಬಂದರೆ ಓಣಿಗೆ ಕೇಳುವಂತೆ ಕೂಗಬೇಕು, ಕಾಯಿಯನ್ನು ಆಡಿನ ಮೇವಿನ ಬುಟ್ಟಿಗೆ ಎಸೆಯಬೇಕು. ಗೊಣಗಿದರೆ ಲೆಕ್ಕಕ್ಕಿಲ್ಲ. ಪಂಪಣ್ಣನೂ ಈ ಸಲ ಖಡಾಖಂಡಿತ ಹೇಳಿದ್ದಾನೆ, "ರಂಜಾನಿನ್ಯಾಗ ಇನ್ನೊಮ್ಮಿ ಕಹಿ ಬಂತಂದ್ರ ಬೋರ್ಡಿನ ಮ್ಯಾಲಿಂದ ಸೌತಿಕಾಯಿ ಅಳಸಿಬಿಡ್ತೀನಿ."

ಇವತ್ತು ಈ ರಂಜಾನಿನ ಮೊದಲ ಸೋಮವಾರ. ಸಾಲದೆಂಬಂತೆ, ಚೀಲಗಳ ಜೊತೆ ಗೋಗಿಯಿಂದ ಶೇರಿಂಗ್ ಆಟೋದಲ್ಲಿ ಮಲ್ಕಪ್ಪನೂ ಬಂದಿಳಿದಿದ್ದಾನೆ. ಕಟ್ಟೆಯ ಮೇಲೆ ತಲೆಯ ಪಟಗ ಬಿಚ್ಚಿಟ್ಟು ಕುಳಿತಿದ್ದಾನೆ. ಮನೆಯವರು ರೋಜಾ ಇದ್ದರೂ ಅವನಿಗೂ ನನಗೂ ಚಹಾ ಬಂದಿದೆ. ಉಪವಾಸ ಇರುವವರ ಕೈಯಿಂದ ಚಹಾ ಇಸಿದುಕೊಳ್ಳಲು ಸಂಕೋಚವಾಗುತ್ತದೆ, ಬೇಡ ಅನ್ನಲು ಇನ್ನೂ ಸಂಕೋಚ. ಕುಡಿಯುತ್ತೇನೆ.

ಶಿವರಂಜನಿ ಚೊಂಬು ನೀರಿಟ್ಟುಕೊಂಡು ಕೂರುತ್ತಾಳೆ. ಒಂದು ಚೂರು, ಒಂದು ಗುಟುಕು. "ಚಲೋ ಅದ." ಇನ್ನೊಂದು. "ಚಲೋ ಅದ." ಗೊಲ್ಲಾಳಮ್ಮ ತಮ್ಮ ಹೊಸ್ತಿಲ ಮೇಲೆ ನಿಂತು ನೋಡುತ್ತಿದ್ದಾರೆ. ಮೂವತ್ತು ದಾಟುತ್ತದೆ, ನಲವತ್ತು ದಾಟುತ್ತದೆ. ಮಲ್ಕಪ್ಪ ಪ್ರತಿ ಸಲವೂ ತಲೆದೂಗುತ್ತಾನೆ, ಪರೀಕ್ಷೆಯಲ್ಲಿ ತಾನೇ ಪಾಸಾಗುತ್ತಿರುವವನ ಹಾಗೆ.

ನಲವತ್ತಮೂರನೆಯದಕ್ಕೆ ಅವಳ ದವಡೆ ನಿಲ್ಲುತ್ತದೆ. ಕಣ್ಣು ಕಟ್ಟೆಯ ಕಡೆ ಹೋಗಿ, ಮತ್ತೆ ನೆಲಕ್ಕೆ ಬರುತ್ತದೆ. ದಾವಲಬೀ ತಲೆ ಎತ್ತುವುದಿಲ್ಲ, ಆದರೆ ಕತ್ತರಿಸುವುದನ್ನು ನಿಲ್ಲಿಸಿದ್ದಾರೆ.

"ಕಹಿ," ಎನ್ನುತ್ತಾಳೆ ಶಿವರಂಜನಿ, ತನ್ನಷ್ಟಕ್ಕೇ ಎಂಬಂತೆ.

"ಕೇಳಿಸಲಿಲ್ಲ ಯವ್ವಾ," ಎನ್ನುತ್ತಾರೆ ದಾವಲಬೀ.

"ಕಹಿ ಅದ!" ಹುಡುಗಿ ಕೂಗಿ, ಬಾಯಲ್ಲಿದ್ದದ್ದನ್ನು ಅಂಗಳಕ್ಕೆ ಉಗುಳಿ, ಕಾಯಿಯನ್ನು ಬುಟ್ಟಿಗೆ ಎಸೆಯುತ್ತಾಳೆ. ಎದುರು ಮನೆಯ ಕಿಟಕಿ ತೆರೆಯುತ್ತದೆ.

ಮಲ್ಕಪ್ಪ ಚಹಾದ ಗ್ಲಾಸು ಕೆಳಗಿಡುತ್ತಾನೆ. ಎದ್ದು ಬಂದು ಬುಟ್ಟಿಯಿಂದ ಆ ಕಾಯಿ ಎತ್ತಿ, ಪಟಗಕ್ಕೆ ಒರೆಸಿ, ಒಂದು ದೊಡ್ಡ ತುಂಡು ಕಚ್ಚುತ್ತಾನೆ. ಎರಡು ಸಲ ಅಗಿಯುತ್ತಾನೆ. ಮುಖ ಹಿಂಡಿದಂತಾಗುತ್ತದೆ. "ಹೌದು ಬಿಡು, ಖರೇನ ಹೇಳ್ಯಾಳ," ಎಂದು ಮಗಳ ತಲೆ ಮುಟ್ಟಿ, ನನ್ನ ಕಡೆ ತಿರುಗುತ್ತಾನೆ. "ಪೇಪರಿನ್ಯಾಗ ಬರಿಯೋದಾದ್ರ ಬಿಸಲಿಗಿ ಕಹಿ ಆಗ್ಯಾದ ಅಂತ ಬರೀರಿ. ನೀರು ನಾ ಬರಾಬ್ಬರಿ ಹಾಯ್ಸೀನಿ."

ಬರೆದಿದ್ದೇನೆ, ಮಲ್ಕಪ್ಪ.

ಆಮೇಲೆ ಹುಡುಗಿಗೆ ಹಿಂಜರಿಕೆ ಇಲ್ಲ. ಒಟ್ಟು ಏಳು ಕಾಯಿ ಆಡಿನ ಪಾಲಾಗುತ್ತವೆ. ಹತ್ತು ಗಂಟೆಗೆ ಲಟ್ಟಣಿಗೆಯ ಸದ್ದು ಶುರು, ಮಧ್ಯಾಹ್ನಕ್ಕೆ ಖಾರದೆಣ್ಣೆಯ ಘಾಟು. ಉಪ್ಪು ಹಾಕುವಾಗ ದಾವಲಬೀ ಕಣ್ಣು ಮುಚ್ಚುತ್ತಾರೆ, ಅಳತೆ ಅಂಗೈಗೇ ಗೊತ್ತು. ಮೂರೂವರೆಗೆ ಮನ್ಸೂರಅಲಿ ಪಾತ್ರೆಯನ್ನು ಸೈಕಲ್ಲಿನ ಹಿಂದೆ ಕಟ್ಟಿ, ಹತ್ತದೆ, ನಿಂತು ನಿಂತು ತಳ್ಳಿಕೊಂಡು ಹೊರಡುತ್ತಾರೆ. ಮನೆಗೆ ಉಳಿಯುವುದು ಒಂದು ಬಟ್ಟಲು, ರೋಜಾ ಬಿಟ್ಟ ಮೇಲೆ ತಿನ್ನಲು. ತಾವು ಮಾಡಿದ್ದು ಹೇಗಾಗಿದೆ ಎಂದು ಈ ತಿಂಗಳಿಡೀ ದಾವಲಬೀಗೆ ಊರಿನ ಜನರ ಜೊತೆಗೇ ತಿಳಿಯುವುದು.

ಸಂಜೆ ಮಸೀದಿಯಲ್ಲಿ ಬಾಂಗ್ ಆಗುತ್ತದೆ. ಖರ್ಜೂರ, ನೀರು. ನಮಾಜು ಮುಗಿಸಿ ಕೂರುವಷ್ಟರಲ್ಲಿ ಫೋನು. ಪಂಪಣ್ಣ. ದಾವಲಬೀ ಕೇಳಿಸಿಕೊಂಡು, "ಹೂಂ" ಎಂದು ಕೆಳಗಿಡುತ್ತಾರೆ. ಏನಂತೆ ಎಂದು ನಾವೆಲ್ಲ ಅವರ ಮುಖ ನೋಡುತ್ತೇವೆ. "ಅರ್ಧ ಪಾತ್ರಿ ಖಾಲಿ ಆಗ್ಯಾದಂತ. ಯಾರೂ ಏನೂ ಅಂದಿಲ್ಲಂತ. ನಾಳಿಗೂ ಬೇಕಂತ." ಯಾರೂ ಏನೂ ಅನ್ನದಿರುವುದೇ ಈ ಊರಿನಲ್ಲಿ ದೊಡ್ಡ ಶಾಭಾಸ್‌ಗಿರಿ. ಶಿವರಂಜನಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ.

ನಿಮ್ಮ ಬಗ್ಗೆ ಕೊನೆಗೆ ಏನು ಬರೆಯಲಿ ಎಂದು ದಾವಲಬೀಯನ್ನು ಕೇಳುತ್ತೇನೆ. ಅವರು ಬಟ್ಟಲಿನಿಂದ ಒಂದು ತುಂಡು ಬಾಯಿಗಿಟ್ಟು, ಅವಸರವಿಲ್ಲದೆ ಅಗಿಯುತ್ತಾರೆ.

"ಕಹಿ ಒಂದ್ ಚೂರೂ ಇಲ್ಲ," ಎನ್ನುತ್ತಾರೆ. ಇನ್ನೊಂದು ತುಂಡು ತಿಂದು ಹುಬ್ಬು ಗಂಟಿಕ್ಕುತ್ತಾರೆ. "ಉಪ್ಪು ಮಾತ್ರ ಒಂದ್ ಚಿಟಿಕಿ ಹೆಚ್ಚಾಗ್ಯಾದ. ಅದು ನನ್ನ ಕೈ ತಪ್ಪು, ಆಕೀದಲ್ಲ. ಹಂಗ ಬರ್ಕೋರಿ."