ಮರಳ ದಂಡೆಯ ತೆಂಗಿನ ಸಸಿಗಳು

ಅರಣ್ಯ ಇಲಾಖೆ ಕೊಟ್ಟ ಬೂಟುಗಳ ಲೇಸು ಗಂಟು ಹಾಕಿ, ಜೋಡಿಯನ್ನು ಕೊರಳಿಗೆ ನೇತುಹಾಕಿಕೊಂಡು, ನಮ್ಮ ಕಂದರದ ವಾಚರು ಬರಿಗಾಲಲ್ಲಿ ಬಂಡೆ ಇಳಿಯುತ್ತಿದ್ದರು. ಅಗಲವಾದ ಹೆಬ್ಬೆರಳು ಮೊದಲು ಕಲ್ಲನ್ನು ಮುಟ್ಟಿ ನೋಡುತ್ತಿತ್ತು, ಆಮೇಲೆ ಮೈಭಾರ. ಗೆಂಡೆಹಳ್ಳಿಯಿಂದಾಚೆ ರಸ್ತೆ ಮುಗಿದ ಮೇಲೆ, ಎರಡು ಕಡಿದಾದ ಬಂಡೆಗೋಡೆಗಳ ನಡುವೆ ಹೊಳೆ ಹರಿಯುವ ಆ ಜಾಗಕ್ಕೆ ರಕ್ಷಣೆ ಸಿಕ್ಕಿದ್ದೇ ನೀರುನಾಯಿಗಳಿಂದ. ಅವನ್ನು ಕಾಯುವುದು ಇವರ ಕೆಲಸ. ಅಲ್ಲಿ ಯಾರಾದರೂ ಜೋರಾಗಿ ಮಾತಾಡಿದರೆ, "ಇದು ಅವುಗಳ ಮನೆ ಕಣ್ರೀ, ನಾವು ನೆಂಟ್ರು" ಎನ್ನುತ್ತಿದ್ದರು. ಒಮ್ಮೆ ಸಾಹೇಬರೊಬ್ಬರಿಗೇ ಹಾಗೆಂದು ಬಾಯಿ ಮುಚ್ಚಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಇಂಥವರೂ ಒಂದು ತಪ್ಪು ಮಾಡಿದರು. ಅದರಲ್ಲಿ ನನಗೂ ಪಾಲಿತ್ತು. ವಾಚರದು ಕಣಕಟ್ಟೆಯ ತೆಂಗಿನ ತೋಟದ ಮನೆತನ. ಖಾಲಿ ಜಾಗ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಹೊಳೆಯ ತಿರುವಿನಲ್ಲಿ ಮರಳ ದಂಡೆ ಬರಿದೇ ಬಿದ್ದಿದೆ ಎಂದು ಮಗನಿಂದ ಕೇಳಿದ ಅವರ ಅವ್ವ, ತೋಟದ ಹಳೇ ಮರದ ಕಾಯಿಂದ ಎಬ್ಬಿಸಿದ ಸಸಿಗಳನ್ನು ಬಸ್ಸಿನಲ್ಲಿ ಹೊತ್ತು ತಂದರು. ವಿಜ್ಞಾನದ ಮೇಷ್ಟರಾದ ನಾನು ಹೈಸ್ಕೂಲು ಮಕ್ಕಳಿಂದ ಗುಂಡಿ ತೋಡಿಸಿ, ಹಸಿರಿನ ಬಗ್ಗೆ ಭಾಷಣವನ್ನೂ ಬಿಗಿದೆ. ಸುತ್ತ ಮುಳ್ಳಿನ ಬೇಲಿ ಹಾಕಿದೆವು. ಸಸಿಗಳು ಚಿಗುರಿದವು, ನೀರುನಾಯಿಗಳು ಕಾಣೆಯಾದವು.

ಕಾರಣ ಹಿಡಿದದ್ದು ನಾನಲ್ಲ, ವಾಚರು. ಮೀನು ತಿಂದ ಮೇಲೆ ನೀರುನಾಯಿಗಳು ಹೊರಳಾಡಿ ಮೈ ಒಣಗಿಸಿಕೊಳ್ಳಲು ಇಡೀ ಕಂದರದಲ್ಲಿದ್ದದ್ದು ಅದೊಂದೇ ಮರಳ ದಂಡೆ.

"ಮೇಷ್ಟ್ರೇ, ಒಳ್ಳೇದು ಮಾಡಕ್ ಹೋಗಿ ಮನೆಯೋರ್ನೇ ಆಚೆಗ್ ಹಾಕ್ಬಿಟ್ವಿ" ಎಂದರು.

ಈಗ ಅವರು ನಿವೃತ್ತರು. ಎಲ್ಲೇ ಸಸಿ ನೆಡುವ ಮುನ್ನ ಅಲ್ಲಿ ಒಂದು ಬೆಳಿಗ್ಗೆ ಸುಮ್ಮನೆ ಕೂತು ನೋಡುವುದನ್ನು ನಾನು ಕಲಿತದ್ದು ಆ ಮಾತಿನಿಂದ. ಆ ಋಣ ದೊಡ್ಡದು.

ಆಗ ದಂಡೆಯನ್ನು ಬಿಡಿಸಲು ಸಸಿಗಳನ್ನು ಕೀಳಲೇಬೇಕಿತ್ತು. ತೆಂಗಿನ ಸಸಿ ಕೀಳುವುದೆಂದರೆ ಅವರ ಕಡೆ ಹೆತ್ತ ಮಗುವಿನ ಮೇಲೆ ಕೈ ಮಾಡಿದಂತೆ. ವಾಚರು ಊರಿಗೆ ಹೋಗಿ ಮೊದಲೇ ತಿಳಿಸಿ ಬಂದರು. "ಕಿತ್ತ ಕೈಲಿ ನನ್ ಮನೆ ಬಾಗ್ಲು ತಟ್ಬ್ಯಾಡ" ಎಂದರಂತೆ ತಾಯಿ. ಮಾರನೆಯ ದಿನ ನಾನು ಹೋದಾಗ ಬೇಲಿ ಬಿಚ್ಚಿಯಾಗಿತ್ತು. ಬೇರಿನ ಮಣ್ಣು ಉದುರದಂತೆ ಒಂದೊಂದೇ ಸಸಿ ಎಬ್ಬಿಸುತ್ತಾ ವಾಚರು ಅಳುತ್ತಿದ್ದರು. ಅವನ್ನೆಲ್ಲ ನಮ್ಮ ಶಾಲೆಯ ಹಿಂದೆ ನೆಟ್ಟೆವು. ಆದರೂ ಅವ್ವ ಮಾತು ಬಿಟ್ಟರು. ಮಳೆಗಾಲ ಕಳೆದರೂ, ವಾಚರು ಮನೆಗೆ ಫೋನು ಮಾಡಿದರೆ ತಂಗಿಯೇ ಎತ್ತುತ್ತಿದ್ದಳು.

ಚಳಿಗಾಲದ ಒಂದು ಬೆಳಿಗ್ಗೆ ವಾಚರು ನನ್ನನ್ನು ಕರೆದೊಯ್ದು ಬಂಡೆಯ ಮೇಲೆ ಬೋರಲು ಮಲಗಿಸಿದರು. ಕೆಳಗೆ ಮರಳಿನಲ್ಲಿ ದೊಡ್ಡ ನೀರುನಾಯಿಯೊಂದು ಬೆನ್ನುಜ್ಜುತ್ತಾ ಹೊರಳುತ್ತಿತ್ತು. ಮರಿಗಳು ಅದರ ಹೊಟ್ಟೆ ಹತ್ತಿ ಜಾರಿ ಬೀಳುತ್ತಿದ್ದವು. ನನಗೆ ಕುಣಿಯಬೇಕೆನಿಸಿತು. ಅಷ್ಟು ದೊಡ್ಡ ಗೆಲುವನ್ನು ಇಬ್ಬರೂ ಉಸಿರು ಬಿಗಿಹಿಡಿದು ಅನುಭವಿಸಿದೆವು.

ಸಿಗ್ನಲ್ ಸಿಗುವ ದಾರಿಗೆ ಹತ್ತಿ ಬಂದು ವಾಚರು ಮನೆಗೆ ಫೋನು ಹಚ್ಚಿದರು. ಮರಿ ಹಾಕಿಕೊಂಡು ವಾಪಸು ಬಂದಿವೆಯೆಂದು ಅವ್ವನಿಗೆ ಹೇಳು ಎಂದರು ತಂಗಿಗೆ. ಆ ಕಡೆ ಫೋನು ಕೈ ಬದಲಾಯಿಸಿದ ಸದ್ದಾಯಿತು. ಆಮೇಲೆ ಮುದಿ ದನಿಯೊಂದು ಕೇಳಿತು.

"ಎಷ್ಟ್ ಮರೀಲಾ, ಮಗ?"

ವಾಚರು ಫೋನನ್ನು ನನ್ನ ಕೈಗಿಟ್ಟರು.

"ಮೂರು, ಅವ್ವಾ" ಎಂದೆ.